ಕತ್ತರಿ ಬಿದ್ದ ಸಿನಿಮಾ, ಕತ್ತರಿ ಬೀಳದ ಕೊನೆ: ‘ಮೆಟ್ರೊಪೊಲಿಸ್’ ವಿಮರ್ಶೆಗಳ ಒಂದು ಪ್ರಕರಣ ಅಧ್ಯಯನ

1927ರ ಜನವರಿ 10ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡ, ಫ್ರಿಟ್ಸ್ ಲಾಂಗ್ ನಿರ್ದೇಶನದ ಜರ್ಮನ್ ಮೂಕಿ ಚಿತ್ರ ‘ಮೆಟ್ರೊಪೊಲಿಸ್’ ಬಗ್ಗೆ ಈವರೆಗೆ ಬಂದಿರುವ ವಿಮರ್ಶೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತಲೆ ಚಿಟ್ಟು ಹಿಡಿಯುತ್ತದೆ. ಒಬ್ಬರಿಗೆ ಅದು ಕಣ್ಣಿಗೆ ಹಬ್ಬ, ಇನ್ನೊಬ್ಬರಿಗೆ ಶುದ್ಧ ಪೆದ್ದುತನ, ಮತ್ತೊಬ್ಬರಿಗೆ ನಾಜಿಗಳು ಬರುವ ಮುಂಚೆಯೇ ಕೇಳಿಸಿದ ಅವರ ಬೂಟಿನ ಸದ್ದು. ಇದೇ ಸಿನಿಮಾ 2001ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು. ಇಷ್ಟು ಏರುಪೇರು ಯಾಕೆ ಎಂದು ಕೇಳಿದರೆ ಕಾಲ ಬದಲಾಯಿತು, ಅಭಿರುಚಿ ಬದಲಾಯಿತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅಭಿರುಚಿಗಿಂತ ಮೊದಲು ಸಿನಿಮಾವೇ ಬದಲಾಗಿತ್ತು. ಹಾಗಾಗಿ ಪ್ರತಿ ವಿಮರ್ಶೆಗೂ ಮೊದಲು ಕೇಳಬೇಕಾದ ಪ್ರಶ್ನೆ: ಸ್ವಾಮಿ, ನೀವು ನೋಡಿದ್ದು ಯಾವ ಪ್ರತಿ?

ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ಮಹಡಿಯಲ್ಲಿ. ಅಲ್ಲಿ ಭಾನುವಾರ ಸೇರುವ ಸಿನಿಮಾ ಕೂಟಕ್ಕೆ ಹೆಸರಿಲ್ಲ, ಚಂದಾ ಇಲ್ಲ. ಒಂದು ಪ್ರೊಜೆಕ್ಟರ್, ಬಿಳಿ ಗೋಡೆ, ಮನೆಯವರ ಔದಾರ್ಯದ ಕಾಫಿ ಇಷ್ಟೇ ಬಂಡವಾಳ. ಕೂಟದ ಹಿರಿಯರು ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳು ‘ಮೆಟ್ರೊಪೊಲಿಸ್’ ತೋರಿಸೋಣ ಎಂದಾಗ ಮೇಷ್ಟ್ರು ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್‌ನ ಹೆಸರೆತ್ತಿ, “ವೆಲ್ಸ್ ಆ ಸಿನಿಮಾದ ಜನ್ಮ ಜಾಲಾಡಿಬಿಟ್ಟಿದ್ದಾನಮ್ಮ, ಇನ್ನು ನಾವು ನೋಡಿ ಏನು ಹೇಳೋದಿದೆ?” ಎಂದರು. “ಸರ್, ವೆಲ್ಸ್ ಪೂರ್ತಿ ಸಿನಿಮಾ ನೋಡೇ ಇಲ್ಲ” ಎಂದಳು ಅವಳು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಎಷ್ಟೋ ವರ್ಷ ಎಲ್ಲೆಡೆ ಓಡಾಡಿದ ಮೊಟಕು ಪ್ರತಿಯನ್ನು ಒಂದು ವಾರ, 2010ರಲ್ಲಿ ಸರಿಪಡಿಸಿದ ಉದ್ದನೆಯ ಪ್ರತಿಯನ್ನು ಮುಂದಿನ ವಾರ ನೋಡುವುದು, ಹಳೆಯ ವಿಮರ್ಶೆಗಳ ಆಪಾದನೆಗಳನ್ನು ಎರಡರ ಎದುರಿಗೂ ಇಟ್ಟು ತಾಳೆ ನೋಡುವುದು ಎಂದಾಯಿತು. ಮೂರನೆಯ ಮುಖ್ಯ ಪಾತ್ರಧಾರಿ ಬಂದದ್ದು ಆಕಸ್ಮಿಕವಾಗಿ. ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಯಜಮಾನರು, ಮಗಳ ಮನೆಗೆ ಬಂದವರು, ‘ಕಾರ್ಖಾನೆ ಸಿನಿಮಾ’ ಅಂತ ಕೇಳಿ ಮಹಡಿ ಹತ್ತಿದರು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮೇಲೆ ಮುಗಿಲೆತ್ತರದ ಕಟ್ಟಡಗಳ ನಗರ, ನೆಲದಡಿ ಯಂತ್ರಗಳು, ಅದಕ್ಕೂ ಕೆಳಗೆ ಕಾರ್ಮಿಕರ ವಸತಿ. ನಗರದ ಒಡೆಯ ಫ್ರೆಡರ್ಸನ್. ಅವನ ಮಗ ಫ್ರೆಡರ್ ಕೆಳಗಿನವರ ಪಾಡು ನೋಡಿ ಕಂಗಾಲಾಗುತ್ತಾನೆ. ಮರಿಯಾ ಎಂಬ ಹುಡುಗಿ ಕಾರ್ಮಿಕರಿಗೆ ತಾಳ್ಮೆ ಬೋಧಿಸುತ್ತಿರುತ್ತಾಳೆ. ರೋಟ್‌ವಾಂಗ್ ಎಂಬ ವಿಜ್ಞಾನಿ ಯಂತ್ರಮಾನವಿಯೊಂದನ್ನು ಮಾಡಿ ಅದಕ್ಕೆ ಮರಿಯಾಳ ರೂಪ ಕೊಡುತ್ತಾನೆ; ಆ ನಕಲಿ ಮರಿಯಾ ಕಾರ್ಮಿಕರನ್ನು ಕೆರಳಿಸುತ್ತಾಳೆ; ಅವರು ಮುಖ್ಯ ಯಂತ್ರವನ್ನು ಒಡೆಯುತ್ತಾರೆ; ಅವರದೇ ಮನೆಗಳಿಗೆ ನೀರು ನುಗ್ಗುತ್ತದೆ. ಕೊನೆಗೆ ಚರ್ಚಿನ ಬಾಗಿಲಲ್ಲಿ ಫ್ರೆಡರ್ ತನ್ನ ಅಪ್ಪನ ಕೈಯನ್ನೂ ಫೋರ್‌ಮನ್‌ನ ಕೈಯನ್ನೂ ಹಿಡಿದು ಜೋಡಿಸುತ್ತಾನೆ. ಚಿತ್ರಕಥೆ ಬರೆದವಳು ಲಾಂಗ್‌ನ ಆಗಿನ ಹೆಂಡತಿ ಥೇಯಾ ಫಾನ್ ಹಾರ್ಬೌ. ಎರಡು ಮರಿಯಾಗಳೂ ಬ್ರಿಗಿಟ್ಟೆ ಹೆಲ್ಮ್. ಆಗ ಹದಿಹರೆಯ ದಾಟದ ಹುಡುಗಿ.

ಇನ್ನು ಕತ್ತರಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ನಿರ್ಮಾಣ ಸಂಸ್ಥೆ ಉಫಾ ಅಂದುಕೊಂಡದ್ದು 15 ಲಕ್ಷ ಮಾರ್ಕ್ ಖರ್ಚು, ಆದದ್ದು 50 ಲಕ್ಷಕ್ಕೂ ಮೇಲೆ. ಸಾಲದಲ್ಲಿ ಮುಳುಗಿದ್ದ ಸಂಸ್ಥೆ 1925ರ ಕೊನೆಯಲ್ಲೇ ಅಮೆರಿಕದ ಪ್ಯಾರಾಮೌಂಟ್ ಮತ್ತು ಎಂಜಿಎಂ ಜೊತೆ ವಿತರಣೆಯ ಒಪ್ಪಂದ ಮಾಡಿಕೊಂಡಿತ್ತು. ಬರ್ಲಿನ್‌ನಲ್ಲಿ ತೋರಿಸಿದ ಪೂರ್ತಿ ಪ್ರತಿ 4,189 ಮೀಟರ್ ಉದ್ದ. ಅಮೆರಿಕನ್ನರಿಗೆ ಇದು ಬಹಳ ಉದ್ದ, ಬಹಳ ಗೋಜಲು ಅನಿಸಿತು. ನಾಟಕಕಾರ ಚಾನಿಂಗ್ ಪೊಲಾಕ್‌ನ ಕೈಗೆ ಕೊಟ್ಟರು. ಅವನು ಸುಮಾರು ಕಾಲು ಭಾಗ ತೆಗೆದುಹಾಕಿ, ನಡುವಿನ ಬರಹಗಳನ್ನೂ ಹೊಸದಾಗಿ ಬರೆದ. ಆ ವರ್ಷದ ಆಗಸ್ಟ್‌ನಲ್ಲಿ ಜರ್ಮನಿಯ ಉಳಿದ ಊರುಗಳಿಗೆ ಹೋದ ಪ್ರತಿಯೂ 3,241 ಮೀಟರಿಗೆ ಇಳಿದಿತ್ತು. ಅಂದರೆ ಬರ್ಲಿನ್‌ನಲ್ಲಿ ಆ ಕೆಲವು ವಾರ ಟಿಕೆಟ್ ಕೊಂಡವರನ್ನು ಬಿಟ್ಟರೆ, ಜಗತ್ತು ಬಹುಪಾಲು ಬೈದದ್ದೂ ಹೊಗಳಿದ್ದೂ ಮೊಟಕಾದ ಸಿನಿಮಾವನ್ನು.

ಉದ್ದ ಹೋದದ್ದು ದೊಡ್ಡ ನಷ್ಟವಲ್ಲ. ಎಷ್ಟೋ ಸಿನಿಮಾಗಳು ಅರ್ಧ ಗಂಟೆ ಕಳೆದುಕೊಂಡು ಉದ್ಧಾರವಾಗಿವೆ. ಇಲ್ಲಿ ಹೋದದ್ದು ಪಾತ್ರಗಳು ಹಾಗೆ ನಡೆದುಕೊಳ್ಳುವುದಕ್ಕೆ ಇದ್ದ ಕಾರಣ. ಮೂಲದಲ್ಲಿ ಹೆಲ್ ಎಂಬ ಹೆಂಗಸಿದ್ದಾಳೆ. ರೋಟ್‌ವಾಂಗ್ ಪ್ರೀತಿಸಿದವಳು, ಫ್ರೆಡರ್ಸನ್‌ನನ್ನು ಮದುವೆಯಾದವಳು, ಫ್ರೆಡರ್‌ನನ್ನು ಹೆತ್ತು ಸತ್ತವಳು. ರೋಟ್‌ವಾಂಗ್ ಯಂತ್ರಮಾನವಿಯನ್ನು ಮಾಡಿದ್ದೇ ಅವಳನ್ನು ಮರಳಿ ಪಡೆಯುವುದಕ್ಕೆ. ಇಂಗ್ಲಿಷ್ ಪ್ರೇಕ್ಷಕರು ಆ ಹೆಸರನ್ನು ನರಕ ಎಂದು ಓದಿ ನಕ್ಕಾರು ಎಂಬ ಭಯಕ್ಕೆ ಪೊಲಾಕ್ ಆಕೆಯನ್ನೇ ಎತ್ತಿಹಾಕಿದ. ಹೆಲ್ ಹೋದ ಮೇಲೆ ರೋಟ್‌ವಾಂಗ್ ಕೆದರಿದ ಕೂದಲಿನ ಬರೀ ಹುಚ್ಚು ವಿಜ್ಞಾನಿ. ನಗರವನ್ನು ಯಾಕೆ ಹಾಳು ಮಾಡುತ್ತಿದ್ದಾನೆ? ಸುಮ್ಮನೆ. ಮೊಟಕು ಪ್ರತಿ ನೋಡಿದ ದಿನ ಮೇಷ್ಟ್ರು ಪದೇಪದೇ ಕೇಳಿದ್ದು ಇದನ್ನೇ: “ಇವನಿಗೇನು ದ್ವೇಷ ಅಂತ?” 1927ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮೊರ್ಡಾಂಟ್ ಹಾಲ್ ತಾಂತ್ರಿಕ ಅದ್ಭುತವೆಂದು ಒಪ್ಪಿಕೊಂಡೇ, ಕಥೆಯಲ್ಲಿ ಬರುವ ಯಂತ್ರದ ಹೆಣ್ಣಿನ ಹಾಗೆ ಈ ಸಿನಿಮಾಕ್ಕೂ ಜೀವವಿಲ್ಲ ಎಂಬರ್ಥದ ಮಾತು ಬರೆದ. ಅವನ ಮುಂದಿದ್ದ ಪ್ರತಿಯ ಮಟ್ಟಿಗೆ ತಪ್ಪೇನಿಲ್ಲ.

ಎಚ್.ಜಿ. ವೆಲ್ಸ್‌ನ ವಿಮರ್ಶೆ ಬಂದದ್ದು ಅದೇ ಪತ್ರಿಕೆಯಲ್ಲಿ, 1927ರ ಏಪ್ರಿಲ್‌ನಲ್ಲಿ. ಇಷ್ಟು ಪೆದ್ದು ಸಿನಿಮಾ ನೋಡಿಲ್ಲ ಎಂದೇ ಶುರು. ನಿಜ ಹೇಳಬೇಕೆಂದರೆ ನನಗೆ ಈ ಸಿನಿಮಾದ ಮೇಲಿನ ಬರಹಗಳಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ. ಬೈಗುಳಕ್ಕೆ ತರ್ಕ ಸಿಕ್ಕಿದರೆ ಓದುವ ಸುಖವೇ ಬೇರೆ. ಅವನ ದೂರುಗಳು ಕಥೆಯ ಗೋಜಲಿನ ಬಗ್ಗೆ ಅಲ್ಲ, ಲೆಕ್ಕಾಚಾರದ ಬಗ್ಗೆ. ನಗರಗಳು ಮೇಲಕ್ಕೆ ಬೆಳೆಯುವ ಬದಲು ಅಕ್ಕಪಕ್ಕಕ್ಕೆ ಹರಡುತ್ತಿವೆ. ಶ್ರೀಮಂತರು ತುದಿಯಲ್ಲಿ, ಬಡವರು ತಳದಲ್ಲಿ ಎಂಬ ಚಿತ್ರ ಆಗಲೇ ಹಳತು. ಯಂತ್ರ ಬಂದರೆ ಮೈಮುರಿದು ದುಡಿಯುವ ಆಳೇ ಬೇಡವಾಗುತ್ತಾನೆ, ಇಲ್ಲಿ ನೋಡಿದರೆ ಯಂತ್ರಕ್ಕೆ ಆಳುಗಳನ್ನು ಬಲಿ ಕೊಡುತ್ತಿದ್ದಾರೆ. ಅಷ್ಟೆಲ್ಲ ತಯಾರಾಗುವ ಮಾಲನ್ನು ಕೊಳ್ಳುವವರು ಯಾರು? ಜೊತೆಗೆ, ಸುಮಾರು ಮೂವತ್ತು ವರ್ಷ ಹಿಂದಿನ ತನ್ನ ಕಾದಂಬರಿಯ ತುಣುಕು, ಕರೆಲ್ ಚಾಪೆಕ್‌ನ ನಾಟಕದ ರೋಬೋಟು, ಮೇರಿ ಶೆಲ್ಲಿಯ ರಾಕ್ಷಸ ಎಲ್ಲವನ್ನೂ ಎತ್ತಿಕೊಂಡಿದ್ದಾರೆ ಎಂಬ ಸಿಟ್ಟು. ಆ ಸಿಟ್ಟು ಬೇಗ ಆರಲಿಲ್ಲ. 1936ರಲ್ಲಿ ತನ್ನದೇ ಕಥೆ ಸಿನಿಮಾ ಆಗುವಾಗ, ಲಾಂಗ್ ಮಾಡಿದ್ದಕ್ಕೆ ಪೂರಾ ಉಲ್ಟಾ ಮಾಡಿ ಎಂದು ತಂಡಕ್ಕೆ ಬರೆದುಕೊಟ್ಟಿದ್ದ.

ಮೇಷ್ಟ್ರು ವೆಲ್ಸ್ ಪರವಾಗಿ ನಮ್ಮೂರಿನ ಸಾಕ್ಷಿಗಳನ್ನೇ ಕರೆದರು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿಯಲ್ಲಿ ಹೋದ ಆ ಶಕ್ತಿಗೆ ಬೆನ್ನು ಬಗ್ಗಿಸುವ ಆಳು ಬೇಕಿರಲಿಲ್ಲ. ಕೃಷ್ಣರಾಜಸಾಗರದಲ್ಲಿ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳಿವೆ: ನೀರು ಒಂದು ಮಟ್ಟಕ್ಕೆ ಏರಿದರೆ ತಾವೇ ತೆರೆದುಕೊಳ್ಳುತ್ತವೆ, ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. “ಲಾಂಗ್ ಆ ಗಡಿಯಾರದಂಥ ಯಂತ್ರಕ್ಕೆ ಮನುಷ್ಯನನ್ನು ಶಿಲುಬೆಗೇರಿಸಿದ ಹಾಗೆ ನಿಲ್ಲಿಸ್ತಾನೆ. ಅದೇ ಹೊತ್ತಿಗೆ ಇಲ್ಲಿ ಕನ್ನಂಬಾಡಿ ಕಟ್ಟೆ ಏಳ್ತಾ ಇತ್ತು. ಯಾರಿಗೆ ಭವಿಷ್ಯ ಗೊತ್ತಿತ್ತು ಹೇಳಿ?” ಹುಡುಗಿ ಸುಮ್ಮನಿರಲಿಲ್ಲ. ಗೇಟು ತಾನೇ ತೆರೆದೀತು, ಕಟ್ಟೆಯನ್ನು 1911ರಿಂದ ಎರಡು ದಶಕ ಕೈಯಲ್ಲಿ ಕಟ್ಟಿದ ಸಾವಿರಾರು ಕೂಲಿಗಳ ಲೆಕ್ಕವನ್ನು ವೆಲ್ಸ್ ಎಲ್ಲಿ ಬರೆಯುತ್ತಾನೆ, ನೀರಿನಡಿ ಹೋದ ಕನ್ನಂಬಾಡಿಯಂಥ ಹಳ್ಳಿಗಳನ್ನು ಯಾವ ಖಾತೆಗೆ ಹಾಕುತ್ತಾನೆ ಎಂದು ಕೇಳಿದಳು. ಮೇಷ್ಟ್ರಿಗೆ ಉತ್ತರ ತಕ್ಷಣ ಹೊಳೆಯಲಿಲ್ಲ, ಕಾಫಿ ಬಂತು.

ಆ ಗಡಿಯಾರದ ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಆಳೆತ್ತರಕ್ಕಿಂತ ದೊಡ್ಡ ದುಂಡು ಫಲಕ, ಅಂಚಿನ ಸುತ್ತ ಬಲ್ಬುಗಳು, ನಡುವೆ ಎರಡು ಭಾರದ ಮುಳ್ಳುಗಳು. ಯಾವ ಬಲ್ಬು ಹೊತ್ತುತ್ತದೋ ಆ ಕಡೆಗೆ ಕಾರ್ಮಿಕ ಎರಡೂ ಕೈಯಿಂದ ಮುಳ್ಳು ಎಳೆಯಬೇಕು. 11811 ಎಂಬ ಸಂಖ್ಯೆಯ ಕಾರ್ಮಿಕ ಕುಸಿದಾಗ ಫ್ರೆಡರ್ ಅವನ ಜಾಗಕ್ಕೆ ನಿಲ್ಲುತ್ತಾನೆ. ದೃಶ್ಯ ಮುಗಿಯುವ ಮೊದಲೇ ಯಜಮಾನರು ಬಾಯಿ ಬಿಟ್ಟರು: “ಇದ್ಯಾವ ಮಿಷಿನ್ನು ಮೇಷ್ಟ್ರೇ? ಬಲ್ಪು ಹತ್ಕಂಡ ಕಡೀಕೆ ಮುಳ್ಳು ತಿರುಗ್ಸಕ್ಕೆ ಒಬ್ಬ ಮನ್ಸ ಯಾಕ್ ಬೇಕು? ಒಂದು ವಾಲ್ವ್ ಇಟ್ರೆ ಮುಗೀತು.” ವೆಲ್ಸ್‌ನ ಹೆಸರೂ ಕೇಳದವರು ವೆಲ್ಸ್‌ನ ವಾದವನ್ನು ಒಂದೇ ಉಸಿರಿಗೆ ಮುಗಿಸಿದರು. ಮೇಷ್ಟ್ರ ಮುಖ ಅರಳಿತು.

ಅರಳಿದ್ದು ಜಾಸ್ತಿ ಹೊತ್ತು ಉಳಿಯಲಿಲ್ಲ. ಸಿನಿಮಾದ ಶುರುವಿನ ಪಾಳಿ ಬದಲಾವಣೆಯನ್ನು ಇನ್ನೊಮ್ಮೆ ಹಾಕಿ ಎಂದರು ಯಜಮಾನರು. ಎರಡು ಸಾಲು, ಒಳಗೆ ಹೋಗುವವರು ಒಂದು ಲಯದಲ್ಲಿ, ಹೊರಗೆ ಬರುವವರು ಅದರ ಅರ್ಧ ವೇಗದಲ್ಲಿ. ತಲೆ ಎದೆಗೆ ಬಿದ್ದಿದೆ, ಕೈ ಬೀಸುತ್ತಿಲ್ಲ. “ಇದು ಸುಳ್ಳಲ್ಲ. ಕಬ್ಬು ಅರೆಯೋ ಸೀಸನ್ನಲ್ಲಿ ನೈಟ್ ಶಿಫ್ಟ್ ಮುಗ್ಸಿ ಬಾಯ್ಲರ್ ಕಡೆಯಿಂದ ಬರವ್ರು ಹಿಂಗೇ ಬರ್ತಿದ್ರು. ಹೋಗೋನ್ ಕಾಲೇ ಬ್ಯಾರೆ, ಬರೋನ್ ಕಾಲೇ ಬ್ಯಾರೆ.” ಯಂತ್ರ ಸುಳ್ಳು, ನಡಿಗೆ ನಿಜ. ವೆಲ್ಸ್ ಯಂತ್ರವನ್ನು ಮಾತ್ರ ನೋಡಿದ ಎಂಬುದು ಆ ಮಧ್ಯಾಹ್ನ ನನಗೆ ಖಚಿತವಾಯಿತು. ಇಂಜಿನಿಯರಿನ ಕಣ್ಣಲ್ಲಿ ಅವನ ಮಾತು ಸರಿ. ಲಾಂಗ್ ತೋರಿಸಹೊರಟದ್ದು ಮೈಯನ್ನು. ಲೂಯಿ ಬುನ್ಯುವೆಲ್ ಆಗಿನ್ನೂ ಸಿನಿಮಾ ಮಾಡಿರಲಿಲ್ಲ, ವಿಮರ್ಶೆ ಬರೆಯುತ್ತಿದ್ದ. ‘ಮೆಟ್ರೊಪೊಲಿಸ್’ ಹೊಟ್ಟೆಗೆ ಹೊಟ್ಟೆ ಅಂಟಿಕೊಂಡ ಎರಡು ಸಿನಿಮಾ ಎಂದು 1927ರಲ್ಲೇ ಗುರುತಿಸಿದ: ಕಥೆ ಕೇಳಿದರೆ ಸವಕಲು, ಚಿತ್ರ ನೋಡಿದರೆ ಬೆರಗು. ಈವರೆಗಿನ ಯಾವ ವಿಮರ್ಶೆಯೂ ಇದಕ್ಕಿಂತ ಚುರುಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಮುಂದಿನ ವಾರ ಉದ್ದನೆಯ ಪ್ರತಿ. ಅದು ಸಿಕ್ಕ ಕಥೆಯೂ ಸ್ವಾರಸ್ಯದ್ದೇ. ಪೂರ್ತಿ ಸಿನಿಮಾದ ಒಂದು ಪ್ರತಿ 1928ರಲ್ಲಿ ಅರ್ಜೆಂಟೀನಾಕ್ಕೆ ಹೋಗಿತ್ತು. ಮುಂದೆ ಒಬ್ಬ ವಿಮರ್ಶಕನ ಸಂಗ್ರಹ ಸೇರಿ, 16 ಎಂಎಂಗೆ ಇಳಿದು, ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂ ಸೇರಿತು. ಹಿಂದೊಮ್ಮೆ ಸಿನಿಮಾ ಕ್ಲಬ್ಬೊಂದರಲ್ಲಿ ಅದನ್ನು ಓಡಿಸಿದವರು, ಇದು ಇಷ್ಟು ಹೊತ್ತು ಹಿಡಿಯಿತಲ್ಲ ಎಂದು ಗೊಣಗಿದ್ದು ಸಂಶೋಧಕ ಫರ್ನಾಂಡೊ ಪೆನ್ಯಾನ ಕಿವಿಗೆ ಬಿದ್ದಿತ್ತು. ಇಷ್ಟು ಹೊತ್ತು ಹಿಡಿಯಬೇಕಾದರೆ ಕತ್ತರಿಸದ ಪ್ರತಿಯೇ ಇರಬೇಕು ಎಂಬ ಅನುಮಾನ ಅವನಿಗೆ. 2008ರಲ್ಲಿ ಮ್ಯೂಸಿಯಂನ ಪೌಲಾ ಫೆಲಿಕ್ಸ್-ಡಿಡಿಯರ್ ಜೊತೆ ಡಬ್ಬಿ ತೆಗೆದು ನೋಡಿದಾಗ ಕಳೆದುಹೋಗಿದ್ದ ಸುಮಾರು 25 ನಿಮಿಷದ ಭಾಗ ಸಿಕ್ಕಿತು. 2010ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೆರೆಕಂಡಿತು.

ಅರ್ಜೆಂಟೀನಾದ ಆ ಭಾಗಗಳು ಎಷ್ಟು ಸವೆದಿವೆ ಎಂದರೆ, ಎಷ್ಟೇ ತೊಳೆದರೂ ಗೀಚುಗಳು ಹೋಗಿಲ್ಲ. ಚೌಕಟ್ಟೂ ಒಂದಿಷ್ಟು ಕಡಿಮೆಯಾಗಿ ಅಂಚು ಕಪ್ಪಾಗಿದೆ. ಇದರಿಂದ ಒಂದು ವಿಚಿತ್ರ ಅನುಕೂಲವಾಯಿತು: ಪರದೆಯ ಮೇಲೆ ಮಳೆ ಬಂದ ಹಾಗೆ ಗೆರೆಗಳು ಕಂಡ ಕೂಡಲೇ, ಇದು ಹಿಂದೆ ಕತ್ತರಿ ಬಿದ್ದ ಜಾಗ ಎಂದು ಗೊತ್ತಾಗುತ್ತದೆ. ಹುಡುಗಿ ನೋಟ್‌ಬುಕ್ಕಿನಲ್ಲಿ ಅಂಥ ಜಾಗಗಳನ್ನು ಗುರುತು ಹಾಕುತ್ತ ಹೋದಳು. ಹೆಲ್‌ಳ ಸ್ಮಾರಕದ ಮುಂದೆ ಇಬ್ಬರು ಗಂಡಸರ ಜಟಾಪಟಿ: ಗೆರೆ. ಫ್ರೆಡರ್‌ನ ಬಟ್ಟೆ ತೊಟ್ಟು ಅವನ ಕಾರಿನಲ್ಲಿ ಹೊರಟ 11811, ದಾರಿಯಲ್ಲಿ ಯೋಶಿವಾರಾ ಎಂಬ ಮೋಜಿನ ತಾಣದ ಆಸೆಗೆ ಬೀಳುವುದು: ಗೆರೆ. ಒಡೆಯನ ಬೇಹುಗಾರ, ಫ್ರೆಡರ್‌ನ ಕಡೆಗೆ ಸೇರಿದ ಜೋಸಫಾಟ್‌ನ ಮನೆಗೆ ಬಂದು ಅವನನ್ನು ಬೆದರಿಸುವುದು: ಗೆರೆ. ನೀರು ಏರುವಾಗ ಮಕ್ಕಳು ಮೆಟ್ಟಿಲ ತುದಿಯ ಕಬ್ಬಿಣದ ಜಾಲರಿಗೆ ಸಿಕ್ಕಿಬೀಳುವುದು: ಅಲ್ಲೂ ಗೆರೆ. ಪೊಲಾಕ್ ಏನನ್ನು ಬೇಡ ಅಂದ ಎಂಬುದು ಅವಳ ಪುಟದಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಭವ್ಯ ದೃಶ್ಯ ಯಾವುದನ್ನೂ ಅವನು ಮುಟ್ಟಿಲ್ಲ. ಸಣ್ಣ ಮನುಷ್ಯರ ಸಣ್ಣ ಆಸೆ, ಭಯ, ಹಳೇ ಜಗಳಗಳನ್ನು ತೆಗೆದಿದ್ದಾನೆ. ಆಮೇಲೆ ವಿಮರ್ಶಕರು ಬಂದು, ಭವ್ಯವಾಗಿದೆ, ಮನುಷ್ಯರೇ ಇಲ್ಲ ಎಂದರು.

ಹಾಗಾದರೆ ಉದ್ದನೆಯ ಪ್ರತಿ ಲಾಂಗ್‌ನನ್ನು ಎಲ್ಲ ಆಪಾದನೆಯಿಂದ ಬಿಡಿಸಿತೇ? ಇಲ್ಲ. ಪೂರ್ತಿ ಸಿನಿಮಾ ನೋಡಿದ ಬರ್ಲಿನ್ ವಿಮರ್ಶಕರಲ್ಲೂ ಹಲವರು ದೃಶ್ಯಗಳನ್ನು ಕೊಂಡಾಡಿ, ಕಥೆಯ ಅಳುಮುಂಜಿತನವನ್ನು ಗೇಲಿ ಮಾಡಿದ್ದರು. ರೋಟ್‌ವಾಂಗ್‌ಗೆ ಕಾರಣ ಸಿಕ್ಕಿತು, ಮೇಷ್ಟ್ರ ‘ಇವನಿಗೇನು ದ್ವೇಷ’ಕ್ಕೆ ಉತ್ತರ ಸಿಕ್ಕಿತು, ಓಟ ಹದವಾಯಿತು. ಆದರೆ ಚರ್ಚಿನ ಬಾಗಿಲಿನ ಆ ಕೈಜೋಡಣೆ ಎರಡೂ ಪ್ರತಿಯಲ್ಲಿ ಇದೆ. ಅದನ್ನು ಯಾರೂ ಕತ್ತರಿಸಿರಲಿಲ್ಲ.

ಸೀಗ್‌ಫ್ರೀಡ್ ಕ್ರಾಕಾವರ್ 1947ರಲ್ಲಿ ಜರ್ಮನ್ ಸಿನಿಮಾ ಕುರಿತ ತನ್ನ ಪುಸ್ತಕದಲ್ಲಿ ಕೈಯಿಟ್ಟದ್ದು ಸರಿಯಾಗಿ ಇಲ್ಲಿಗೇ. ಒಡೆಯ ಬದಲಾದ ಹಾಗೆ ಕಾಣುತ್ತದೆ. ವಾಸ್ತವದಲ್ಲಿ ಅವನು ಏನನ್ನೂ ಬಿಟ್ಟುಕೊಟ್ಟಿಲ್ಲ, ಕಾರ್ಮಿಕರ ಮನಸ್ಸನ್ನೂ ತನ್ನದಾಗಿಸಿಕೊಂಡು ಹಿಡಿತ ಇನ್ನಷ್ಟು ಬಿಗಿ ಮಾಡಿಕೊಂಡಿದ್ದಾನೆ ಎಂಬುದು ಅವನ ಓದು. ಮುಂದೆ ಫಾನ್ ಹಾರ್ಬೌ ನಾಜಿ ಪಕ್ಷ ಸೇರಿದಳು, ಲಾಂಗ್ 1933ರಲ್ಲಿ ಜರ್ಮನಿ ಬಿಟ್ಟ. ಇದನ್ನು ತಿಳಿದು ಹಿಂದಿರುಗಿ ನೋಡುವವನಿಗೆ ಎಲ್ಲದರಲ್ಲೂ ಹಿಟ್ಲರನೇ ಕಾಣುವ ಅಪಾಯ ಇದೆ. ಕ್ರಾಕಾವರ್ ಕೆಲವೆಡೆ ಆ ಗುಂಡಿಗೆ ಬಿದ್ದಿದ್ದಾನೆ. ಆದರೆ ಈ ಒಂದು ದೃಶ್ಯದ ಮಟ್ಟಿಗೆ ಅವನ ಮಾತು ಪಕ್ಕಾ. ಲಾಂಗ್ ಕೂಡ ವಯಸ್ಸಾದ ಮೇಲೆ, ತಲೆಗೂ ಕೈಗೂ ನಡುವೆ ಹೃದಯ ಮಧ್ಯಸ್ಥಿಕೆ ವಹಿಸುತ್ತದೆ ಅನ್ನುವ ಸಿನಿಮಾದ ಘೋಷವಾಕ್ಯವೆಲ್ಲ ಅಡುಗೂಲಜ್ಜಿ ಕಥೆ ಎಂದು ಒಪ್ಪಿಕೊಂಡಿದ್ದ.

ನಮ್ಮ ಕೂಟದಲ್ಲಿ ಇದೇ ಮಾತು ಬೇರೆ ದಾರಿಯಿಂದ ಬಂತು. ದೀಪ ಹಾಕಿದ ಕೂಡಲೇ ಯಜಮಾನರು ಹುಡುಗಿಯ ಕಡೆ ತಿರುಗಿ, “ಕೊನೇಗೆ ಕೈ ಕೊಟ್ರು, ಸರಿ. ಕಾಗ್ದ ಎಲ್ಲವ್ವ?” ಎಂದರು. ಮಹಡಿ ತುಂಬ ನಗು. “ನಗ್ಬೇಡಿ. ಮಾತಾಡಕ್ಕೆ ಹೋದೋನು ಫೋರ್‌ಮನ್ನು. ಅವ್ನು ಯಾವತ್ತಿದ್ರೂ ಮ್ಯಾನೇಜ್‌ಮೆಂಟ್ ಕಡೆ. ಯೂನಿಯನ್ ಇಲ್ಲ, ಸೆಕ್ರೆಟರಿ ಇಲ್ಲ. ನಾಳೆ ಬೆಳಿಗ್ಗೆ ಶಿಫ್ಟು ಎಷ್ಟ್ ಗಂಟೆ? ಅದೊಂದ್ ಮಾತು ಯಾರೂ ಆಡ್ಲಿಲ್ವಲ್ಲ.”

“ತಾತ, ಅದು ಹೃದಯದ ಕಥೆ ಅಂತ ಅವರೇ ಹೇಳಿದ್ದಾರಲ್ಲ.”

“ಹೃದಯ ಇರ್ಲಿ ಕಣವ್ವ. ಗಂಟೆ ಎಷ್ಟು?”

ಈ ಪ್ರಶ್ನೆಗೆ ಸಿನಿಮಾದಲ್ಲೇ ಅರ್ಧ ಸಾಕ್ಷಿ ಇದೆ. ಒಡೆಯನ ನಗರದಲ್ಲಿ ಎರಡು ಗಡಿಯಾರ: ಒಂದು 24 ಗಂಟೆಯದು, ಇನ್ನೊಂದು 10 ಗಂಟೆಯದು. ಪಾಳಿ 10 ಗಂಟೆ. ಇದು ಲಾಂಗ್‌ನ ಬರೀ ಕಲ್ಪನೆಯಲ್ಲ. ಜರ್ಮನಿಯಲ್ಲಿ 1918ರ ನವೆಂಬರ್ ಕ್ರಾಂತಿಯ ಹೊತ್ತಿಗೆ ದಿನಕ್ಕೆ 8 ಗಂಟೆ ದುಡಿಮೆ ಕಾನೂನಾಗಿತ್ತು. 1923ರ ಡಿಸೆಂಬರ್‌ನ ಆದೇಶ ಅದನ್ನು ಸಡಿಲಿಸಿ 10 ಗಂಟೆವರೆಗೆ ಬಿಟ್ಟಿತು. ಚಿತ್ರೀಕರಣ ನಡೆದದ್ದು 1925–26ರಲ್ಲಿ. ಆಗಿನ ಬರ್ಲಿನ್‌ನ ಕೆಲಸಗಾರನಿಗೆ ಆ ಗಡಿಯಾರ ಭವಿಷ್ಯದ ನಗರದ್ದಾಗಿ ಕಂಡಿರಲಾರದು, ಮೊನ್ನೆಮೊನ್ನೆ ಕೈತಪ್ಪಿದ ಎರಡು ಗಂಟೆಯಾಗಿ ಕಂಡಿರಬೇಕು. ವೆಲ್ಸ್ ಇದನ್ನು ಕಾಣಲಿಲ್ಲ. ಅವನಿಗೆ ನಾಳೆಯ ಯಂತ್ರ ಮುಖ್ಯವಾಗಿತ್ತು. ಕ್ರಾಕಾವರ್ ಕೊನೆಯನ್ನು ಜಾಲಾಡಿದ, ಗಂಟೆಯ ಲೆಕ್ಕಕ್ಕೆ ಇಳಿಯಲಿಲ್ಲ. ಸಿನಿಮಾ ತಾನೇ ಎತ್ತಿದ ತಕರಾರನ್ನು ಕೊನೆಗೆ ತಾನೇ ಮರೆತುಬಿಡುತ್ತದೆ. ನನ್ನ ಮಟ್ಟಿಗೆ ಈ ಸಿನಿಮಾದ ನಿಜವಾದ ಸೋಲು ಇದು. ಯಾವ ಮ್ಯೂಸಿಯಂನ ಯಾವ ಡಬ್ಬಿ ತೆರೆದರೂ ಇದು ರಿಪೇರಿ ಆಗುವಂಥದ್ದಲ್ಲ.

ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅಲ್ಲಿಯವರೆಗೆ ಸುಮ್ಮನೆ ಗೋಡೆಗೆ ಒರಗಿ ಕೂತಿದ್ದ. ನಮ್ಮಲ್ಲೇ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು, ವಾರದ ಲೆಕ್ಕ ಹಾಗೇ ಇಟ್ಟು ದಿನಕ್ಕೆ 12 ಗಂಟೆವರೆಗೂ ದುಡಿಸಲು ದಾರಿ ಮಾಡಿದ ತಿದ್ದುಪಡಿ 2023ರಲ್ಲಿ ನಮ್ಮ ವಿಧಾನಮಂಡಲದಲ್ಲೇ ಪಾಸಾಯಿತು ಎಂದು ನೆನಪಿಸಿದ. ಮೇಷ್ಟ್ರು, ನಗರ ಮೇಲಕ್ಕೆ ಬೆಳೆಯುವುದಿಲ್ಲ ಎಂಬ ವೆಲ್ಸ್‌ನ ಭವಿಷ್ಯವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಬೇಕು ಎಂದು ಗೊಣಗಿದರು. ಇಡೀ ಪ್ರಕರಣದಲ್ಲಿ ಅವರು ವೆಲ್ಸ್‌ನ ಕೈಬಿಟ್ಟದ್ದು ಅದೊಂದೇ ಸಲ.

ಕೊನೆಗೆ ಕೂಟದ ರಿಜಿಸ್ಟರಿನಲ್ಲಿ ಹೀಗೆ ಬರೆದುಕೊಂಡೆವು: ಕಥೆ ಅರ್ಥವಾಗದು, ಪಾತ್ರಗಳಿಗೆ ಜೀವವಿಲ್ಲ ಎಂಬ 1927ರ ದೂರುಗಳಲ್ಲಿ ಬಹುಪಾಲು ಕತ್ತರಿಯ ಮೇಲೆ ಹೋಗಬೇಕು. ಯಂತ್ರದ ಬಗ್ಗೆ ವೆಲ್ಸ್‌ನ ದೂರು ಎರಡೂ ಪ್ರತಿಗೆ ನಿಲ್ಲುತ್ತದೆ, ಆದರೆ ಅದು ನಡಿಗೆಯ ದೃಶ್ಯವನ್ನು ಮುಟ್ಟುವುದಿಲ್ಲ. ಕ್ರಾಕಾವರ್‌ನ ದೂರು ಎರಡೂ ಪ್ರತಿಗೆ ಪೂರ್ತಿ ನಿಲ್ಲುತ್ತದೆ. 2010ರ ಪ್ರತಿಯಲ್ಲೂ ಕೆಲವು ತುಣುಕುಗಳು ಇನ್ನೂ ಇಲ್ಲ. ಫ್ರೆಡರ್ಸನ್ ಮತ್ತು ರೋಟ್‌ವಾಂಗ್ ಹೊಡೆದಾಡುವ, ಆ ಗಲಾಟೆಯಲ್ಲಿ ಮರಿಯಾ ತಪ್ಪಿಸಿಕೊಳ್ಳುವ ಪ್ರಸಂಗವನ್ನು ಅಲ್ಲಿ ಬರಹದಲ್ಲಷ್ಟೇ ಓದಬೇಕು. ಆ ಜಾಗದ ಎದುರಿಗೆ ಹುಡುಗಿ ‘ತೀರ್ಪು ಬಾಕಿ’ ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ.